ಮೊದಲು ಸಿಂಹ ಹುಡುಕಿ, ಆಮೇಲೆ ಹೆಸರು: ಹಳೆ ಬೆಳ್ಳಿ ಸಾಮಾನಿನ ಮುದ್ರೆ ಓದುವುದು ಹೇಗೆ

ಬೆಂಗಳೂರಿನ ದಂಡಿನ ಕಡೆ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಆರು ಚಮಚ ಕೊಂಡೆ. ಹಿಂಭಾಗದಲ್ಲಿ ಸಾಲಾಗಿ ನಾಲ್ಕು ಪುಟ್ಟ ಗುರಾಣಿ, ಒಂದೊಂದರೊಳಗೂ ಒಂದೊಂದು ಸೊಟ್ಟ ಸೊಟ್ಟ ಅಕ್ಷರ, ಪಕ್ಕದಲ್ಲಿ ಒಂದು ಬಾವುಟ. "ಲಂಡನ್ ಬೆಳ್ಳಿ ಸಾರ್, ಸೀಲು ನೋಡಿ" ಅಂದರು ಅಂಗಡಿಯವರು. ನೋಡಿದೆ. ನೋಡಿ ದುಡ್ಡು ಕೊಟ್ಟೆ.

ವಾರದ ನಂತರ ನಮಗೆ ಗೊತ್ತಿರುವ ಆಚಾರ್ರ ಹತ್ತಿರ ತೆಗೆದುಕೊಂಡು ಹೋದೆ. ಅವರು ಒರೆಗಲ್ಲು ಕೂಡ ತೆಗೆಯಲಿಲ್ಲ. ಚಮಚ ಬೋರಲು ಮಾಡಿ, ಮೇಜಿಗೆ ತಾಗುವ ಜಾಗದ ಮೇಲೆ ಬೆರಳಿಟ್ಟರು. ಅಲ್ಲಿ ಹೊಳಪು ಹೋಗಿ ಹಳದಿ ಮಿಶ್ರಿತ ಬೂದು ಬಣ್ಣ ಕಾಣುತ್ತಿತ್ತು. "ಮುಲಾಮು ಸ್ವಾಮಿ ಇದು, ಬರೀ ಮೇಲಿನ ಲೇಪ. ಒಳಗಿರೋದು ಜರ್ಮನ್ ಸಿಲ್ವರ್." ಆ ನಾಲ್ಕು ಗುರಾಣಿಯಲ್ಲಿದ್ದದ್ದು ಇಂಗ್ಲಿಷಿನ ಇ, ಪಿ, ಎನ್, ಎಸ್. ನಿಕ್ಕಲ್ ಸಿಲ್ವರ್, ಅಂದರೆ ಅದೇ ಜರ್ಮನ್ ಸಿಲ್ವರ್, ಅದರ ಮೇಲೆ ವಿದ್ಯುತ್ತಿನಿಂದ ಹಚ್ಚಿದ ಬೆಳ್ಳಿ ಲೇಪ ಅಂತ ಅರ್ಥ. ನಾನು ಓದಬೇಕಾದ್ದನ್ನು ಕಂಪನಿಯವರೇ ಬರೆದಿಟ್ಟಿದ್ದರು, ನಾನು ಓದದೆ ಗುರಾಣಿಯ ಅಂದ ನೋಡಿದ್ದೆ, ಅಷ್ಟೇ.

ನನ್ನ ಹಾಗೆ ಎಲ್ಲರೂ ಮಾಡುವ ತಪ್ಪು ಒಂದೇ. ಮುದ್ರೆ ಕಂಡ ತಕ್ಷಣ "ಇದು ಯಾರು ಮಾಡಿದ್ದು" ಅಂತ ಹುಡುಕಲು ಹೊರಡುತ್ತೇವೆ. ಅದು ಕೊನೆಯ ಪ್ರಶ್ನೆ. ಮೊದಲು ಇದು ಬೆಳ್ಳಿಯೋ ಅಲ್ಲವೋ, ಆಮೇಲೆ ಯಾವ ಊರು, ಆಮೇಲೆ ಯಾವ ವರ್ಷ, ಎಲ್ಲಾ ಆದಮೇಲೆ ಯಾರು. ಇಲ್ಲಿ ಜಾಸ್ತಿ ಹೇಳುವುದು ಬ್ರಿಟಿಷ್ ಸಾಮಾನಿನ ಬಗ್ಗೆ. ನಮ್ಮ ಕಡೆಯ ಹಳೆ ಕ್ಲಬ್ಬು, ಎಸ್ಟೇಟ್ ಬಂಗಲೆ, ಕೆಜಿಎಫ್ ಕ್ವಾರ್ಟರ್ಸುಗಳಿಂದ ಹೊರಬರುವುದು ಹೆಚ್ಚಾಗಿ ಅದೇ. ಇಂಗ್ಲೆಂಡಿನಲ್ಲಿ ಇರುವ ನಮ್ಮವರಿಗಂತೂ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ರಾಶಿ ರಾಶಿ ಸಿಗುತ್ತದೆ.

ಮುದ್ರೆ ಎಲ್ಲಿರುತ್ತೆ, ಹೇಗೆ ನೋಡೋದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜು ಒಂದು ಬೇಕು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಮತ್ತೆ ಮೊಬೈಲ್ ಟಾರ್ಚ್. ಟಾರ್ಚನ್ನು ಮುದ್ರೆಯ ಮೇಲೆ ನೇರವಾಗಿ ಬಿಟ್ಟರೆ ಹೊಳಪೇ ಕಣ್ಣಿಗೆ ಹೊಡೆಯುತ್ತದೆ. ಪಕ್ಕದಿಂದ, ಹೆಚ್ಚುಕಮ್ಮಿ ಮಲಗಿಸಿದ ಹಾಗೆ ಹಿಡಿಯಿರಿ. ನೆರಳು ಬಿದ್ದಾಗ ಗುಂಡಿ ಕಾಣುತ್ತದೆ.

ಇನ್ನೊಂದು ಉಪಾಯಕ್ಕೆ ದುಡ್ಡೇ ಬೇಡ. ಬಾಯಿ ತೆರೆದು "ಹಾ" ಅಂತ ಬಿಸಿ ಉಸಿರು ಬಿಡಿ. ಲೋಹದ ಮೇಲೆ ಮಂಜು ಕೂತು ಆರುವ ಎರಡು ಸೆಕೆಂಡಿನಲ್ಲಿ ಸವೆದ ಅಕ್ಷರ ಎದ್ದು ಕಾಣುತ್ತದೆ. ಬೆಸುಗೆ ಹಾಕಿದ ಗೆರೆ, ಅಳಿಸಿ ಹಾಕಿದ ಹಳೆ ಹೆಸರು ಎಲ್ಲವೂ ಕಾಣುತ್ತದೆ. ಇದು ಮುಂದೆ ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಚಮಚ, ಫೋರ್ಕಿನಲ್ಲಿ ಮುದ್ರೆ ಹಿಡಿಯ ಹಿಂಭಾಗದಲ್ಲಿರುತ್ತದೆ. ಸುಮಾರು 1780ಕ್ಕಿಂತ ಹಿಂದಿನ ಇಂಗ್ಲಿಷ್ ಚಮಚದಲ್ಲಿ ಬಟ್ಟಲಿನ ಹತ್ತಿರ, ಹಿಡಿ ಸಣ್ಣಗಾಗುವ ಕಡೆ ಹೊಡೆಯುತ್ತಿದ್ದರು. ಆಮೇಲೆ ಹಿಡಿಯ ತುದಿಯ ಕಡೆಗೆ ಹೋಯಿತು. ಅಂದರೆ ಮುದ್ರೆ ಓದುವ ಮೊದಲೇ, ಅದು ಇರುವ ಜಾಗದಿಂದಲೇ ಒಂದು ಅಂದಾಜು ಸಿಗುತ್ತದೆ. ಟೀ ಪಾಟ್, ಹಾಲಿನ ಜಗ್‌ಗೆ ತಳದಲ್ಲಿ ಅಥವಾ ಕಂಠದ ಪಕ್ಕ. ಸಕ್ಕರೆ ಇಕ್ಕಳಕ್ಕೆ ಕಾಲಿನ ಒಳಭಾಗದಲ್ಲಿ. ಕ್ಯಾಂಡಲ್ ಸ್ಟ್ಯಾಂಡಿಗೆ ಪಾದದ ಅಂಚಿನಲ್ಲಿ.

ಬೆಳ್ಳಿಯೋ, ಲೇಪವೋ

ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ. ಇಂಗ್ಲೆಂಡಿನ ಅಸಲಿ ಬೆಳ್ಳಿಯ ಗುರುತು ಒಂದು ಸಿಂಹ. ಎಡಕ್ಕೆ ನಡೆದುಹೋಗುತ್ತಾ ಮುಂದಿನ ಒಂದು ಕಾಲು ಎತ್ತಿರುತ್ತದೆ. 1544ರಿಂದ ಇದೆ. ಸಾವಿರಕ್ಕೆ 925 ಪಾಲು ಬೆಳ್ಳಿ, ಅಂದರೆ ಸ್ಟರ್ಲಿಂಗ್ ಅನ್ನುವುದಕ್ಕೆ ಇದು ಸಾಕ್ಷಿ. ಈ ಮುದ್ರೆ ಹೊಡೆಯುತ್ತಿದ್ದದ್ದು ಮಾಡಿದವನಲ್ಲ, ಪರೀಕ್ಷೆ ಮಾಡಿದ ಕಚೇರಿ. 1478ರಿಂದ ಲಂಡನ್ನಿನ ಅಕ್ಕಸಾಲಿಗರು ಸಾಮಾನನ್ನು ತಮ್ಮ ಸಂಘದ ಹಾಲ್‌ಗೆ ಒಯ್ದು ಹೊಡೆಸಿಕೊಳ್ಳಬೇಕಾಯಿತು, ಹಾಲ್‌ಮಾರ್ಕ್ ಅನ್ನುವ ಮಾತು ಬಂದದ್ದು ಹಾಗೆ. ಸ್ಕಾಟ್ಲೆಂಡಿನ ಎಡಿನ್‌ಬರದಲ್ಲಿ ಈ ಸಿಂಹದ ಬದಲು 1759ರಿಂದ 1974ರವರೆಗೆ ಮುಳ್ಳುಗಿಡದ ಹೂವು, ಐರ್ಲೆಂಡಿನಲ್ಲಿ ಕಿರೀಟ ಇಟ್ಟ ಹಾರ್ಪ್ ವಾದ್ಯ. 1697ರಿಂದ 1720ರವರೆಗೆ ಮಾತ್ರ ಇಂಗ್ಲೆಂಡಿನಲ್ಲಿ ಇನ್ನೂ ಚೊಕ್ಕ ಬೆಳ್ಳಿ ಕಡ್ಡಾಯವಾಗಿತ್ತು, ಆಗ ಸಿಂಹದ ಜಾಗದಲ್ಲಿ ಕೂತ ಹೆಂಗಸಿನ ಚಿತ್ರ, ಬ್ರಿಟಾನಿಯಾ.

ಸಿಂಹ ಇಲ್ಲದೆ ಬರೀ ಅಕ್ಷರಗಳಿದ್ದರೆ ನಿಧಾನಿಸಿ. ಇ ಪಿ ಎನ್ ಎಸ್ ಆಗಲೇ ಹೇಳಿದೆ. ಇ ಪಿ ಬಿ ಎಂ ಇದ್ದರೆ ಒಳಗೆ ತವರ ಹೆಚ್ಚಿರುವ ಬ್ರಿಟಾನಿಯಾ ಮೆಟಲ್. ಹೆಸರು ಕೇಳಿ ಮೇಲಿನ ಬ್ರಿಟಾನಿಯಾ ಬೆಳ್ಳಿ ಅಂದುಕೊಂಡೀರಾ, ಎರಡಕ್ಕೂ ಸಂಬಂಧವೇ ಇಲ್ಲ. ಎ1 ಅಂತ ಇದ್ದರೆ ಲೇಪ ದಪ್ಪ ಇದೆ ಅಂತ ಕಂಪನಿ ಹೇಳಿಕೊಳ್ಳುವುದು, ಬೆಳ್ಳಿ ಅಂತಲ್ಲ. ನೆವಾಡ ಸಿಲ್ವರ್, ಬ್ರೆಜಿಲಿಯನ್ ಸಿಲ್ವರ್, ಆಲ್ಪಕ, ಇವೆಲ್ಲ ಬೆಳ್ಳಿ ಇಲ್ಲದ ಮಿಶ್ರಲೋಹದ ಹೆಸರುಗಳು. ನಮ್ಮಲ್ಲಿ ಗೃಹಪ್ರವೇಶಕ್ಕೆ ಕೊಡುವ ಜರ್ಮನ್ ಸಿಲ್ವರ್ ತಟ್ಟೆಯ ಅಣ್ಣತಮ್ಮಂದಿರು: ತಾಮ್ರ, ಸತು, ನಿಕ್ಕಲ್. ಜರ್ಮನಿಯ ಚಮಚದ ಮೇಲೆ 90 ಅಂತ ಇದ್ದರೆ ನೂರಕ್ಕೆ 90 ಬೆಳ್ಳಿ ಅಂತ ಮಾರುತ್ತಾರೆ. ಅಲ್ಲ. ಡಜನ್ ಲೆಕ್ಕದ ಚಮಚ ಫೋರ್ಕುಗಳ ಮೇಲೆ ಒಟ್ಟು 90 ಗ್ರಾಂ ಬೆಳ್ಳಿ ಹಚ್ಚಿದ್ದಾರೆ ಅಂತ ಲೆಕ್ಕ. ಅದೇ 800 ಇದ್ದು ಪಕ್ಕದಲ್ಲಿ ಅರ್ಧಚಂದ್ರ ಮತ್ತು ಕಿರೀಟ ಇದ್ದರೆ ಅದು 1888ರಿಂದ ಈಚಿನ ಜರ್ಮನ್ ಬೆಳ್ಳಿ. ಇದು ನಿಜವಾದ ಬೆಳ್ಳಿ ಮಾರಾಯ್ರೆ, ನಮ್ಮ 'ಜರ್ಮನ್ ಸಿಲ್ವರ್' ಅಲ್ಲ. ಈ ಗೊಂದಲಕ್ಕೆ ಏನು ಮಾಡೋದು ಹೇಳಿ!

ಲೇಪದಲ್ಲೂ ಹಳೆಯದು, ಹೊಸದು ಅಂತ ಇದೆ. 1743ರ ಸುಮಾರಿಗೆ ಶೆಫೀಲ್ಡ್ ಊರಿನ ಥಾಮಸ್ ಬೋಲ್ಸೋವರ್ ತಾಮ್ರದ ಮೇಲೆ ಬೆಳ್ಳಿಯ ಹಾಳೆ ಇಟ್ಟು ಕಾಯಿಸಿ ಎರಡನ್ನೂ ಒಂದು ಮಾಡುವುದನ್ನು ಕಂಡುಕೊಂಡ. ಅದನ್ನು ಓಲ್ಡ್ ಶೆಫೀಲ್ಡ್ ಪ್ಲೇಟ್ ಅನ್ನುತ್ತಾರೆ. ಆಮೇಲೆ 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ನವರು ವಿದ್ಯುತ್ತಿನಿಂದ ಲೇಪ ಹಾಕುವುದಕ್ಕೆ ಪೇಟೆಂಟ್ ತೆಗೆದುಕೊಂಡರು, ಹಳೆ ಪದ್ಧತಿ ಬೇಗನೆ ಮೂಲೆ ಸೇರಿತು. ಕಣ್ಣಳತೆಯಲ್ಲಿ ಗೊತ್ತಾಗುವುದು ಸವೆದ ಜಾಗದಲ್ಲಿ. ಕೆಂಪಗೆ ತಾಮ್ರ ಇಣುಕಿದರೆ ಓಲ್ಡ್ ಶೆಫೀಲ್ಡ್ ಇರಬಹುದು, ಅಥವಾ ತಾಮ್ರದ ಮೇಲೆ ಮಾಡಿದ ಹೊಸ ಲೇಪವೂ ಇರಬಹುದು. ಮೈಮೇಲೆ ಶೆಫೀಲ್ಡ್ ಅಂತ ಅಕ್ಷರದಲ್ಲಿ ಬರೆದಿದ್ದರೆ ಅದು ಬರೀ ಊರಿನ ಹೆಸರು, ಏನನ್ನೂ ಸಾಬೀತು ಮಾಡಲ್ಲ.

ಅಯಸ್ಕಾಂತ ಹಿಡಿದು ನೋಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅಂಟಿದರೆ ಒಳಗೆ ಕಬ್ಬಿಣ, ಸರಿ. ಅಂಟದಿದ್ದರೆ ಬೆಳ್ಳಿ ಅಂತಲ್ಲ, ತಾಮ್ರವೂ ಅಂಟಲ್ಲ, ನನ್ನ ಆರು ಚಮಚವೂ ಅಂಟಲಿಲ್ಲ.

ಯಾವ ಊರು

ಸಿಂಹ ಸಿಕ್ಕಿತು ಅನ್ನೋಣ. ಪಕ್ಕದಲ್ಲಿ ಊರಿನ ಗುರುತು ಇರುತ್ತದೆ. ಲಂಡನ್ನಿಗೆ ಚಿರತೆಯ ಮುಖ. ನೋಡಲು ಬೆಕ್ಕಿನ ಹಾಗೇ ಇರುತ್ತದೆ. 1821ರವರೆಗೆ ಅದರ ತಲೆ ಮೇಲೆ ಕಿರೀಟ ಇತ್ತು, ಆಮೇಲೆ ತೆಗೆದರು. ಬರ್ಮಿಂಗ್‌ಹ್ಯಾಮಿಗೆ ಲಂಗರು. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೆ ಅಂತ ಕೇಳಿದರೆ ಒಂದು ಕಥೆ ಹೇಳುತ್ತಾರೆ. 1773ರಲ್ಲಿ ಬರ್ಮಿಂಗ್‌ಹ್ಯಾಮಿಗೂ ಶೆಫೀಲ್ಡಿಗೂ ಪರೀಕ್ಷಾ ಕಚೇರಿ ಬೇಕು ಅಂತ ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೋಲ್ಟನ್ ಮೊದಲಾದವರು ಓಡಾಡುತ್ತಿದ್ದಾಗ ಲಂಡನ್ನಿನಲ್ಲಿ ಸೇರುತ್ತಿದ್ದ ಹೆಂಡದಂಗಡಿಯ ಹೆಸರು ಕ್ರೌನ್ ಅಂಡ್ ಆಂಕರ್ ಅಂತೆ, ಒಂದು ಊರು ಕಿರೀಟ ತಗೊಂಡಿತು, ಇನ್ನೊಂದು ಲಂಗರು. ಶೆಫೀಲ್ಡಿನ ಕಿರೀಟ 1974ರವರೆಗೆ ನಡೆಯಿತು, 1975ರಿಂದ ಗುಲಾಬಿ. ಎಡಿನ್‌ಬರಕ್ಕೆ ಮೂರು ಗೋಪುರದ ಕೋಟೆ. ಚೆಸ್ಟರಿಗೆ ಕತ್ತಿ ಮತ್ತು ಗೋಧಿಯ ಕಂತೆ, ಆ ಕಚೇರಿ 1962ರಲ್ಲಿ ಮುಚ್ಚಿತು.

ಒಂದು ಎಚ್ಚರ. ಸಿಂಹ, ಲಂಗರು, ಗಾಥಿಕ್ ಶೈಲಿಯ ಜಿ ಅಕ್ಷರ ಮೂರೂ ಸಾಲಾಗಿದ್ದರೆ ಬರ್ಮಿಂಗ್‌ಹ್ಯಾಮ್ ಅಂತ ಕುಣಿಯಬೇಡಿ. ಅದು ಅಮೆರಿಕದ ಗೋರಮ್ ಕಂಪನಿಯ ಗುರುತು. ಅಮೆರಿಕದ ಬೆಳ್ಳಿಗೆ ಸಾಮಾನ್ಯವಾಗಿ ಸ್ಟರ್ಲಿಂಗ್ ಅಂತ ಪೂರ್ತಿ ಪದವೇ ಹೊಡೆದಿರುತ್ತಾರೆ, ಅಲ್ಲಿ ಸರ್ಕಾರಿ ಸಿಂಹ ಇರಲಿಲ್ಲ.

ಯಾವ ವರ್ಷ

ಒಂದೇ ಒಂದು ಅಕ್ಷರ ಇರುವ ಗುರಾಣಿ ವರ್ಷದ್ದು. ಇಲ್ಲಿ ಊರು ಗೊತ್ತಿಲ್ಲದೆ ವರ್ಷ ನೋಡಿದರೆ ಪೂರ್ತಿ ದಾರಿ ತಪ್ಪುತ್ತೀರಿ. ಒಂದೊಂದು ಊರಿನ ಲೆಕ್ಕ ಒಂದೊಂದು. ಇಂಗ್ಲಿಷಿನ ಸಾಮಾನ್ಯ ಸಣ್ಣ ಎ ಅಕ್ಷರ ಲಂಡನ್ನಿನಲ್ಲಿ 1896, ಅದೇ ಎ ಬರ್ಮಿಂಗ್‌ಹ್ಯಾಮಿನಲ್ಲಿ 1900. ಲಂಡನ್ನಿನವರು ಇಪ್ಪತ್ತು ಅಕ್ಷರಕ್ಕೆ ಒಂದು ಸುತ್ತು ಮುಗಿಸುತ್ತಿದ್ದರು, ಬರ್ಮಿಂಗ್‌ಹ್ಯಾಮಿನವರು ಇಪ್ಪತ್ತೈದು ಇಪ್ಪತ್ತಾರಕ್ಕೆ. ಶೆಫೀಲ್ಡಿನವರಂತೂ 1824ರವರೆಗೆ ಅಕ್ಷರಗಳನ್ನು ಕ್ರಮವೇ ಇಲ್ಲದೆ ಬಳಸಿದರು. ವರ್ಷ ಜನವರಿಗೆ ಶುರುವಾಗುತ್ತಿರಲಿಲ್ಲ, ಲಂಡನ್ನಿನಲ್ಲಿ ಮೇ, ಬರ್ಮಿಂಗ್‌ಹ್ಯಾಮಿನಲ್ಲಿ ಜುಲೈ. ಹಾಗಾಗಿ 1900 ಅಂದರೆ 1900-01 ಅಂತ ಇಟ್ಟುಕೊಳ್ಳಿ. ಎಲ್ಲ ಊರಿಗೂ ಒಂದೇ ಲೆಕ್ಕ ಬಂದದ್ದು 1975ರಲ್ಲಿ.

ಸುತ್ತು ಮುಗಿದು ಮತ್ತೆ ಎ ಬಂದಾಗ ಅಕ್ಷರದ ಶೈಲಿ ಬದಲಿಸುತ್ತಿದ್ದರು: ದೊಡ್ಡಕ್ಷರ, ಸಣ್ಣಕ್ಷರ, ಗಾಥಿಕ್. ಸುತ್ತಲಿನ ಗುರಾಣಿಯ ಆಕಾರವೂ ಬದಲಾಗುತ್ತಿತ್ತು. ಅದಕ್ಕೇ ಅಕ್ಷರ ಮಾತ್ರ ಬರೆದುಕೊಂಡರೆ ಸಾಲದು. ಮೇಲಿನ ಅಂಚು ನೇರವಾ, ಮೂಲೆ ಕತ್ತರಿಸಿದೆಯಾ, ಕೆಳಗೆ ಚೂಪಾ, ಎಲ್ಲಾ ಚಿತ್ರ ಬಿಡಿಸಿಕೊಳ್ಳಿ. ಅಸ್ಸೇ ಕಚೇರಿಗಳ, ಅಂದರೆ ಈ ಪರೀಕ್ಷಾ ಕಚೇರಿಗಳ, ಅಕ್ಷರ ಪಟ್ಟಿ ಇಂಟರ್‌ನೆಟ್ಟಿನಲ್ಲೇ ಸಿಗುತ್ತದೆ, ಊರು ಆರಿಸಿ ಹೋಲಿಸುವುದಷ್ಟೇ.

ರಾಜನ ತಲೆ ಕಂಡರೆ ಕೆಲಸ ಇನ್ನೂ ಸುಲಭ. ಬೆಳ್ಳಿಗೆ ತೆರಿಗೆ ಕಟ್ಟಿದ್ದಕ್ಕೆ 1784ರಿಂದ 1890ರವರೆಗೆ ರಾಜ ಅಥವಾ ರಾಣಿಯ ತಲೆ ಹೊಡೆಯುತ್ತಿದ್ದರು. ಎಡಕ್ಕೆ ಮುಖ ಮಾಡಿದ ಹೆಂಗಸಿನ ತಲೆ ಇದ್ದರೆ ವಿಕ್ಟೋರಿಯಾ ರಾಣಿ. ತೆರಿಗೆಯ ಈ ತಲೆ ಇದೆ ಅಂದರೆ 1890ರ ಈಚಿನದ್ದು ಅಲ್ಲ. ಆದರೆ ಆಮೇಲೂ ಪಟ್ಟಾಭಿಷೇಕ, ಜುಬಿಲಿಯಂಥ ಸಂದರ್ಭಕ್ಕೆ ನೆನಪಿಗಾಗಿ ತಲೆ ಹೊಡೆದದ್ದುಂಟು, ಹಾಗಾಗಿ ವರ್ಷದ ಅಕ್ಷರವನ್ನೂ ನೋಡಿ.

ಲೇಪದ ಸಾಮಾನಿಗೆ ಈ ವರ್ಷದ ಅಕ್ಷರ ಸಾಮಾನ್ಯವಾಗಿ ಇರಲ್ಲ. ಬೇರೆ ಸುಳಿವು ಹಿಡಿಯಬೇಕು. ಇಂಗ್ಲೆಂಡ್ ಅಂತ ದೇಶದ ಹೆಸರಿದ್ದರೆ ಹೆಚ್ಚಾಗಿ 1891ರ ನಂತರದ್ದು, ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಬೇಕಾಯಿತು. ಆರ್‌ಡಿ ಅಂತ ಬರೆದು ಮುಂದೆ ಅಂಕಿ ಇದ್ದರೆ ವಿನ್ಯಾಸ ನೋಂದಣಿ ಸಂಖ್ಯೆ, ಅದು ಒಂದರಿಂದ ಶುರುವಾದದ್ದು 1884ರಲ್ಲಿ. ಅದಕ್ಕೂ ಮೊದಲು, 1842ರಿಂದ 1883ರವರೆಗೆ, ವಜ್ರದ ಆಕಾರದ ಗುರುತು ಇತ್ತು.

ಈಗ ಯಾರು ಅಂತ ಕೇಳಿ

ಮಾಡಿದವರ ಗುರುತು ಅಂದರೆ ಹೆಚ್ಚಾಗಿ ಎರಡು ಮೂರು ಅಕ್ಷರ ಇರುವ ಮುದ್ರೆ. ಒಂದೇ ಜೋಡಿ ಅಕ್ಷರ ಹತ್ತಾರು ಜನರದ್ದು ಇರುತ್ತದೆ. ನಮ್ಮ ಬೀದಿಯಲ್ಲಿ ಎಚ್.ಎಸ್. ಅನ್ನೋ ಇನಿಷಿಯಲ್ ಎಷ್ಟು ಜನಕ್ಕಿಲ್ಲ, ಹಾಗೆ. ಊರು, ವರ್ಷ ಗೊತ್ತಾದ ಮೇಲೆ ಹುಡುಕಿದರೆ ಹತ್ತರಲ್ಲಿ ಒಂದೋ ಎರಡೋ ಉಳಿಯುತ್ತವೆ. ಅಕ್ಷರಗಳ ಮಧ್ಯೆ ಚುಕ್ಕೆ ಇದೆಯಾ, ನಕ್ಷತ್ರ ಇದೆಯಾ, ಸುತ್ತಿನ ಚೌಕಟ್ಟು ಮೊಟ್ಟೆಯಾಕಾರವಾ, ಚೌಕವಾ, ಅದರ ಮೇಲೆ ಉಳಿದ ತೀರ್ಮಾನ.

ಹೆಸ್ಟರ್ ಬೇಟ್‌ಮನ್ ಹೆಸರು ಈ ಹವ್ಯಾಸದವರ ಬಾಯಲ್ಲಿ ಬರುತ್ತಲೇ ಇರುತ್ತದೆ. ಗಂಡ ತೀರಿಕೊಂಡ ಮೇಲೆ 1761ರಲ್ಲಿ ಲಂಡನ್ನಿನಲ್ಲಿ ತನ್ನ ಹೆಸರಿನಲ್ಲಿ ಗುರುತು ನೋಂದಾಯಿಸಿದಳು, 1790ರವರೆಗೆ ಕಾರ್ಖಾನೆ ನಡೆಸಿದಳು. ಅವಳ ಗುರುತು ಕೈಬರಹದ ಹಾಗೆ ಬಳುಕಿದ ಎಚ್ ಮತ್ತು ಬಿ. ನೇರ ಅಕ್ಷರದ ಎಚ್ ಬಿ ತೋರಿಸಿ ಬೇಟ್‌ಮನ್ ಅಂದರೆ ಅನುಮಾನ ಪಡಿ. ವರ್ಷದ ಅಕ್ಷರ 1810ನ್ನು ಹೇಳುತ್ತಿದ್ದರೆ ಅನುಮಾನವೂ ಬೇಡ, ಸುಮ್ನೆ ಎದ್ದು ಬನ್ನಿ.

ಹಿಂದಿನ ಕಾಲಕ್ಕೆ ಇನ್ನೊಂದು ತಿರುವು. 1697ರಿಂದ 1720ರ ಮಧ್ಯೆ ಹೆಸರಿನ ಇನಿಷಿಯಲ್ ಬದಲು ಮನೆತನದ ಹೆಸರಿನ ಮೊದಲ ಎರಡು ಅಕ್ಷರ ಹಾಕಬೇಕಿತ್ತು. ಲಂಡನ್ನಿನ ಹೆಸರಾಂತ ಬೆಳ್ಳಿ ಕೆಲಸಗಾರ ಪಾಲ್ ಡಿ ಲಾಮೆರಿಯ ಮೊದಲ ಗುರುತು ಎಲ್ ಎ, ಆಮೇಲಿನದು ಪಿ ಎಲ್. ಒಬ್ಬನೇ ಮನುಷ್ಯ.

ಇನ್ನು ದೊಡ್ಡ ಕಂಪನಿಗಳು. ವಾಕರ್ ಅಂಡ್ ಹಾಲ್ ಅವರದ್ದು ಬಾವುಟದೊಳಗೆ ಡಬ್ಲ್ಯು ಮತ್ತು ಎಚ್. ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್ ಅವರದ್ದು ಬಾವುಟ ತೂಗಿದ ತುತ್ತೂರಿ. ಮ್ಯಾಪಿನ್ ಅಂಡ್ ವೆಬ್, ಎಲ್ಕಿಂಗ್ಟನ್ ನಿಮಗೆ ಆಗಾಗ ಸಿಗುತ್ತವೆ. ಇವರೆಲ್ಲ ಬೆಳ್ಳಿಯನ್ನೂ ಮಾಡುತ್ತಿದ್ದರು, ಲೇಪದ್ದನ್ನೂ ಮಾಡುತ್ತಿದ್ದರು. ನನ್ನ ಚಮಚದ ಪಕ್ಕದಲ್ಲಿದ್ದ ಬಾವುಟ ಇದೇ ವಾಕರ್ ಅಂಡ್ ಹಾಲ್ ಬಾವುಟ. ಅಸಲಿ ಗುರುತು, ಅಸಲಿ ಕಂಪನಿ, ಬೆಳ್ಳಿ ಮಾತ್ರ ಅಲ್ಲ. ಹೆಸರಿನಿಂದ ಶುರು ಮಾಡಬೇಡಿ ಅಂತ ನಾನು ಇಷ್ಟು ಕೂಗುವುದು ಇದಕ್ಕೇ.

ಅಂದ ಹಾಗೆ, ಗುರುತು ಇದ್ದವರೇ ಕೈಯಾರೆ ಮಾಡಿದರು ಅಂತಲೂ ಅಲ್ಲ. ಪರೀಕ್ಷೆಗೆ ಕಳಿಸಿದವರ ಗುರುತು ಅದು. ಬೇರೆಯವರ ಹತ್ತಿರ ಮಾಡಿಸಿ ತಮ್ಮ ಮುದ್ರೆ ಹಾಕಿಸಿದ ಅಂಗಡಿಗಳೂ ಉಂಟು.

ಮುಚ್ಚಳ ಎತ್ತಿ ನೋಡಿ

ನಮ್ಮ ಅತ್ತೆಯ ಮನೆಯಲ್ಲಿ ಚಿಕ್ಕಮಗಳೂರಿನ ಎಸ್ಟೇಟಿನಿಂದ ಬಂದ ಎರಡು ಸಾಮಾನಿವೆ. ಒಂದು ಸಕ್ಕರೆ ಇಕ್ಕಳ. ಅದರ ಒಳಗಡೆ ಲಂಗರು, ಸಿಂಹ, ಸಣ್ಣಕ್ಷರದ ಎಲ್, ಇನ್ನೊಂದು ಕಾಲಿನಲ್ಲಿ ಎಲ್ ಅಂಡ್ ಎಸ್. ಲಂಗರಿಂದ ಬರ್ಮಿಂಗ್‌ಹ್ಯಾಮ್, ಪಟ್ಟಿಯಲ್ಲಿ ಆ ಎಲ್ 1910, ಆ ಊರಿನಲ್ಲಿ ಆಗ ಲೆವಿ ಅಂಡ್ ಸಾಲಮನ್ ಇದ್ದರು. ಹತ್ತು ನಿಮಿಷದಲ್ಲಿ ಮುಗಿಯಿತು. ಅತ್ತೆ ಅದರಲ್ಲಿ ಉಪ್ಪಿನಕಾಯಿ ಹೋಳು ತೆಗೆಯುತ್ತಿದ್ದರು! ಉಪ್ಪು, ಹುಳಿ ಬೆಳ್ಳಿಯನ್ನು ತಿನ್ನುತ್ತೆ ಅತ್ತೆ ಅಂತ ಹೇಳಿ ಅವತ್ತೇ ಬಿಡಿಸಿದೆ.

ಇನ್ನೊಂದು ಟೀ ಪಾಟ್, ತಳದಲ್ಲಿ ಲಂಡನ್ನಿನ ಪೂರ್ತಿ ಸಾಲು. ಮುಚ್ಚಳದ ಒಳಗೆ ನೋಡಿದರೆ ಬೇರೆ ವರ್ಷದ ಅಕ್ಷರ. ಬಿಡಿ ಭಾಗಗಳಿಗೂ ಮುದ್ರೆ ಹೊಡೆಯುವ ಪದ್ಧತಿ ಇತ್ತು, ಒಂದೇ ಸಾಮಾನಿನದ್ದಾದರೆ ಅಕ್ಷರ ಹೊಂದಬೇಕು. ಇದು ಎರಡು ಪಾಟ್ ಸೇರಿಸಿ ಮಾಡಿದ ಮದುವೆ. ಉಪಯೋಗಕ್ಕೆ ಏನೂ ತೊಂದರೆ ಇಲ್ಲ, ಬೆಲೆಗೆ ಮಾತ್ರ ಪೆಟ್ಟು.

ಇದಕ್ಕಿಂತ ಕೆಟ್ಟದ್ದು, ಸಣ್ಣ ಚಮಚದಿಂದ ಹಳೆ ಮುದ್ರೆಯ ತುಂಡು ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆಯುವುದು. ಮುದ್ರೆ ಅಸಲಿಯೇ, ಪಾತ್ರೆ ಮಾತ್ರ ಬೇರೆ. ಆಗ ಉಸಿರು ಬಿಟ್ಟು ನೋಡಿ, ಮುದ್ರೆಯ ಸುತ್ತ ಚೌಕಾಕಾರದ ಬೆಸುಗೆ ಗೆರೆ ಕಂಡರೆ ವಾಪಸ್ ಇಟ್ಟುಬಿಡಿ.

ನಮ್ಮ ದೇಶದ ಮುದ್ರೆಗಳು

ಬ್ರಿಟಿಷರ ಕಾಲದಲ್ಲಿ ಇಲ್ಲಿ ಲಂಡನ್ನಿನಂಥ ಪರೀಕ್ಷಾ ಕಚೇರಿ ಇರಲಿಲ್ಲ. ಅಂಗಡಿಯವರು ತಮ್ಮದೇ ಮುದ್ರೆ ಹೊಡೆದುಕೊಳ್ಳುತ್ತಿದ್ದರು. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿಯದ್ದರಲ್ಲಿ ಆನೆ ಇರುತ್ತದೆ. ಭುಜ್‌ನ ಊಮರ್ಸಿ ಮಾವ್ಜಿಯದ್ದು ಓ ಎಂ. ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅವರದ್ದು ಹೆಸರೇ. ದೇವರುಗಳ ಉಬ್ಬುಚಿತ್ರ ತುಂಬಿದ ಟೀ ಸೆಟ್ಟುಗಳನ್ನು ನೋಡಿದ್ದರೆ, ಅದನ್ನು ಸ್ವಾಮಿ ಸಿಲ್ವರ್ ಅನ್ನುತ್ತಾರೆ, ಮದರಾಸಿನ ಕಡೆಯ ಕೆಲಸ, ದೊರೆಗಳಿಗೆ ಅಂತ ಮಾಡಿದ್ದು. ಬೆಂಗಳೂರಿನ ಬಾರ್ಟನ್ ಅಂಗಡಿಯ ಮುದ್ರೆ ಇರುವ ಬೆಳ್ಳಿಯೂ ಸಿಗುತ್ತದೆ. ಇವುಗಳಲ್ಲಿ ಸಿಂಹ ಇಲ್ಲ ಅಂತ ಲೇಪ ಅನ್ನಬೇಡಿ. ಇಲ್ಲಿ ನಿಯಮ ತಿರುಗುಮುರುಗು, ಹೆಸರೇ ದಾರಿ ತೋರಿಸಬೇಕು, ಲೋಹವನ್ನು ಮಾತ್ರ ಬೇರೆಯಾಗಿ ಪರೀಕ್ಷೆ ಮಾಡಿಸಬೇಕು.

ಅಜ್ಜಿಯ ಪಂಚಪಾತ್ರೆ, ಕುಂಕುಮದ ಬಟ್ಟಲಿಗೆ ಬಹಳ ಸಲ ಯಾವ ಮುದ್ರೆಯೂ ಇರಲ್ಲ. ಊರ ಆಚಾರ್ರು ಮಾಡಿಕೊಟ್ಟದ್ದು, ನಂಬಿಕೆಯೇ ಮುದ್ರೆ. ಅಂಥದ್ದಕ್ಕೆ ಮನೆಯಲ್ಲಿ ಆಸಿಡ್ ತಂದು ಪ್ರಯೋಗ ಮಾಡಬೇಡಿ, ಕೈಯೂ ಹೋಗುತ್ತೆ, ಸಾಮಾನೂ ಹೋಗುತ್ತೆ. ಒರೆ ಹಚ್ಚಿಸಿದರೆ ಸಣ್ಣ ಗೀರು ಬೀಳುತ್ತದೆ, ದೊಡ್ಡ ಆಭರಣದ ಅಂಗಡಿಗಳಲ್ಲಿ ಮಷೀನಿಗೆ ಇಟ್ಟು ನೋಡಿದರೆ ಅದೂ ಇಲ್ಲ. ಆದರೆ ಮಷೀನು ನೋಡುವುದು ಮೇಲ್ಪದರ. ದಪ್ಪ ಲೇಪ ಇದ್ದರೆ ಅದಕ್ಕೂ ಟೋಪಿ ಬೀಳುತ್ತದೆ. ಸವೆದ ಜಾಗ ಒಂದನ್ನು ಆರಿಸಿ ಅಲ್ಲೇ ನೋಡಲು ಹೇಳಿ.

ಕೊನೆಗೊಂದು ಮಾತು ಉಜ್ಜುವವರಿಗೆ. ಮುದ್ರೆ ಕಾಣಲಿ ಅಂತ ಪಾತ್ರೆ ಪುಡಿ, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ. ಪೂಜೆ ಸಾಮಾನಿಗೆ ವಿಭೂತಿ ಹಚ್ಚಿ ಉಜ್ಜುವುದು ನಮ್ಮ ಅಭ್ಯಾಸ, ಆದರೆ ಮುದ್ರೆ ಇರುವ ಜಾಗಕ್ಕೆ ಅದೂ ಬೇಡ. ಒಂದೊಂದು ಸಲ ಉಜ್ಜಿದಾಗಲೂ ಸ್ವಲ್ಪ ಬೆಳ್ಳಿ ಹೋಗುತ್ತದೆ. ನೂರು ವರ್ಷ ಉಜ್ಜಿಸಿಕೊಂಡ ಸಿಂಹ ಹಲ್ಲಿಯ ಹಾಗೆ ಕಾಣುವುದು ಅದಕ್ಕೇ. ಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ ಸಾಕು. ಗುಂಡಿಯೊಳಗಿನ ಕಪ್ಪು ಹಾಗೇ ಇರಲಿ, ಅಕ್ಷರ ಓದಿಸುವುದೇ ಆ ಕಪ್ಪು.